ಸೀಟು ಸಿಕ್ಕ ಮೇಲೆ: ಸರ್ಜರಿ ವಿಭಾಗವೊಂದು ಹೇಗೆ ಕಲಿಸುತ್ತದೆ, ನಾವು ಹೇಗೆ ನೆರವಾಗಬೇಕು



ಕಳೆದ ವಾರ್ಷಿಕ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹಿರಿಯ ದಾನಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಮಾಸ್ತರ್ರೇ, ಆ ಹುಡುಗಿಗೆ ಡಾಕ್ಟರ್ ಸೀಟು ಸಿಕ್ಕಾಗ ನಾವು ಹಾರ ಹಾಕಿ ಚೆಕ್ ಕೊಟ್ಟಿವಿ. ಏಳು ವರ್ಷ ಆತು. ಇನ್ನೂ ಓದೂದು ಮುಗದಿಲ್ಲ ಅಂದ್ರ ಹೆಂಗ?” ಎಂದು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ನಾನು ನಕ್ಕು ಮಾತು ತೇಲಿಸಿದೆ. ಸರಿಯಾದ ಉತ್ತರ ನನಗೂ ಗೊತ್ತಿರಲಿಲ್ಲ ಎಂಬುದೇ ನಿಜ. ಆಮೇಲೆ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾರ್ಯದರ್ಶಿಗಳು ಎರಡು ಪುಟ ಕೊಟ್ಟಿದ್ದರು, ಸ್ವಲ್ಪ ಹೆಚ್ಚಾಗಿದೆ.

ಆ ಹುಡುಗಿ ನನ್ನ ವಿದ್ಯಾರ್ಥಿನಿ. ತಂದೆ ಬನಹಟ್ಟಿಯಲ್ಲಿ ಬೇರೆಯವರ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದವರು. ಹೆಸರು ಹಾಕಬೇಡಿ ಎಂದು ಆಕೆಯೇ ಹೇಳಿದ್ದಾಳೆ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ ಮುಗಿಸಿ, ಈಗ ಎಂ.ಎಸ್. ಜನರಲ್ ಸರ್ಜರಿಯ ಎರಡನೇ ವರ್ಷದಲ್ಲಿದ್ದಾಳೆ. ಎಂ.ಎಸ್. ಮೂರು ವರ್ಷದ್ದು. ಈದ್‌ಗೆ ಎರಡು ದಿನ ಊರಿಗೆ ಬಂದಿದ್ದಳು. ಮನೆಗೆ ಬಂದಾಗ “ನೀವು ನಮ್ಮ ಪಾಠಟಿಪ್ಪಣಿ ನೋಡ್ತಿದ್ರಲ್ಲ ಸರ್, ಈಗ ಇದನ್ನ ನೋಡ್ರಿ” ಎಂದು ಒಂದು ದಪ್ಪ ಪುಸ್ತಕವನ್ನು ಮುಂದಿಟ್ಟಳು. ಅದು ಆಕೆಯ ಲಾಗ್‌ಬುಕ್.

ಅದರಲ್ಲಿ ರೋಗಿಗಳ ಹೆಸರಿಲ್ಲ, ಆಸ್ಪತ್ರೆಯ ನಂಬರ್ ಮಾತ್ರ ಇದೆ. ದಿನಾಂಕ, ಕಾಯಿಲೆ, ಮಾಡಿದ ಆಪರೇಶನ್, ಗುರುಗಳ ಸಹಿ. ಇವುಗಳ ನಡುವೆ ಒಂದು ಚಿಕ್ಕ ಕಾಲಂ ಇದೆ, ಇಡೀ ಪುಸ್ತಕದ ಜೀವ ಅಲ್ಲಿದೆ. ಆ ಆಪರೇಶನ್ನಿನಲ್ಲಿ ವಿದ್ಯಾರ್ಥಿ ಬರೀ ನೋಡಿದ್ದೋ, ಸಹಾಯ ಮಾಡಿದ್ದೋ, ಗುರುಗಳು ಎದುರಿಗೆ ನಿಂತಿರುವಾಗ ತಾನೇ ಮಾಡಿದ್ದೋ, ಸ್ವತಂತ್ರವಾಗಿ ಮಾಡಿದ್ದೋ ಎಂಬುದನ್ನು ಅಲ್ಲಿ ಬರೆಯಬೇಕು. ಮೊದಲ ತಿಂಗಳುಗಳ ಪುಟಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ‘ನೋಡಿದ್ದು’ ಎಂದೇ ಇದೆ. ಒಂದು ಕಡೆ ಆಕೆ ‘ಸಹಾಯ’ ಎಂದು ಬರೆದಿದ್ದನ್ನು ಗುರುಗಳು ಕೆಂಪು ಮಸಿಯಲ್ಲಿ ಹೊಡೆದು ಹಾಕಿ ‘ನೋಡಿದ್ದು’ ಎಂದು ತಿದ್ದಿದ್ದರು. ಏಕೆ ಎಂದು ಕೇಳಿದೆ. “ಹತ್ತು ನಿಮಿಷ ಕೊಕ್ಕೆ ಹಿಡಕೊಂಡು ನಿಂತಿದ್ದೆ ಸರ್. ಅಷ್ಟಕ್ಕ ಸಹಾಯ ಅಂತ ಬರದಿದ್ದೆ” ಎಂದು ನಕ್ಕಳು. ಆ ಗುರುಗಳನ್ನು ನಾನು ನೋಡಿಲ್ಲ. ಆ ಕೆಂಪು ಗೀಟು ನೋಡಿಯೇ ಗೌರವ ಬಂತು.

ಬಿ.ಎಡ್. ಮಾಡಿದವರಿಗೆ ಇದು ಅಪರಿಚಿತವಲ್ಲ. ನಮ್ಮನ್ನೂ ಒಮ್ಮೆಲೇ ತರಗತಿಗೆ ಬಿಟ್ಟಿರಲಿಲ್ಲ. ಮೊದಲು ಸೂಕ್ಷ್ಮಬೋಧನೆ: ಐದಾರು ನಿಮಿಷ, ಎದುರಿಗೆ ಬೆರಳೆಣಿಕೆಯ ಮಕ್ಕಳು, ಒಂದೇ ಕೌಶಲ. ಪ್ರಶ್ನೆ ಕೇಳುವುದಷ್ಟೇ, ಇಲ್ಲವೇ ಕಪ್ಪುಹಲಗೆ ಬಳಸುವುದಷ್ಟೇ. ಹಿಂದಿನ ಬೆಂಚಿನಲ್ಲಿ ಕುಳಿತ ಪ್ರಾಧ್ಯಾಪಕರು ತಪ್ಪು ಬರೆದುಕೊಳ್ಳುವರು, ಮತ್ತೆ ಅದೇ ಪಾಠ ಮಾಡಿಸುವರು. ಆಮೇಲೆ ಪಾಠಯೋಜನೆ, ಅಭ್ಯಾಸಪಾಠ, ಪರೀಕ್ಷಾಪಾಠ. ನಾವು ತಪ್ಪು ಮಾಡಿದರೆ ಮಕ್ಕಳಿಗೆ ಒಂದು ಪಾಠ ಕೆಡುತ್ತಿತ್ತು. ಆಪರೇಶನ್ ಕೋಣೆಯಲ್ಲಿ ತಪ್ಪಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಅಲ್ಲಿ ಮೆಟ್ಟಿಲುಗಳು ಹೆಚ್ಚು, ಒಂದೊಂದು ಮೆಟ್ಟಿಲೂ ಎತ್ತರ.

ಈ ಮೆಟ್ಟಿಲಿನ ಪದ್ಧತಿಗೆ ಈಗಿನ ರೂಪ ಬಂದದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ಆರಂಭವಾಯಿತು. ಅಲ್ಲಿಯ ಸರ್ಜರಿಯ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್ ತನ್ನ ಶಿಷ್ಯರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಹಂತಹಂತವಾಗಿ ಜವಾಬ್ದಾರಿ ಹೆಚ್ಚಿಸುತ್ತಾ ಹೋದ. ಆಸ್ಪತ್ರೆಯಲ್ಲೇ ವಾಸವಾಗಿದ್ದುದರಿಂದ ‘ರೆಸಿಡೆಂಟ್’ ಎಂಬ ಹೆಸರು. ಆಪರೇಶನ್ ಮಾಡುವಾಗ ರಬ್ಬರ್ ಕೈಗವಸು ಹಾಕುವ ರೂಢಿಯನ್ನು ಹರಡಿದವನೂ ಅವನೇ. ಅವನ ಪದ್ಧತಿಯಲ್ಲಿ ಒಂದು ಕ್ರೂರತೆಯಿತ್ತು. ಕೆಳಗಿನ ಮೆಟ್ಟಿಲಲ್ಲಿ ಹಲವರು, ತುದಿಯಲ್ಲಿ ಒಬ್ಬ. ಎಷ್ಟು ವರ್ಷ ಬೇಕೆಂಬುದಕ್ಕೂ ಲೆಕ್ಕವಿರಲಿಲ್ಲ. ಈಗ ನಮ್ಮ ದೇಶದಲ್ಲಿ ಹಾಗಿಲ್ಲ. ಮೂರು ವರ್ಷಕ್ಕೆ ಎಂದು ಸೇರಿಸಿಕೊಂಡ ಪ್ರತಿಯೊಬ್ಬರನ್ನೂ ಮೂರು ವರ್ಷದಲ್ಲಿ ಸಿದ್ಧಪಡಿಸಬೇಕು. ಹೀಗಾಗಿ ವಿಭಾಗ ಲೆಕ್ಕ ಹಾಕಲೇಬೇಕು, ಮುಂದಿನ ವರ್ಷಗಳ ಯೋಜನೆ ಮಾಡಲೇಬೇಕು.

ರೋಗಿಯ ಮೈಮೇಲೆ ಕಲಿಯುವ ಮೊದಲು ಬೇರೆ ವಸ್ತುವಿನ ಮೇಲೆ ಕೈ ಪಳಗಿಸುವುದು ಮಾತ್ರ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಶಿಷ್ಯರು ಸೌತೆಕಾಯಿ, ಕುಂಬಳಕಾಯಿಯಂಥವುಗಳನ್ನು ಕೊಯ್ದು ಅಭ್ಯಾಸ ಮಾಡಬೇಕೆಂದು ಹೇಳಿದೆ. ಸಾವಿರ ವರ್ಷದ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಅಲ್ ಜಹ್ರಾವಿ ತನ್ನ 30 ಭಾಗಗಳ ವೈದ್ಯಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟು, ಉಪಕರಣಗಳ ಚಿತ್ರ ಬರೆದುಕೊಟ್ಟ. ಈಗಿನ ಕಾಲೇಜುಗಳಲ್ಲಿ ‘ಸ್ಕಿಲ್ಸ್ ಲ್ಯಾಬ್’ ಇದೆ. ನಮ್ಮ ಹುಡುಗಿ ಗಂಟು ಹಾಕುವುದನ್ನು ಹಾಸ್ಟೆಲಿನ ಕಿಟಕಿ ಸರಳಿಗೆ ದಾರ ಕಟ್ಟಿ ರೂಢಿ ಮಾಡಿಕೊಂಡಳಂತೆ. ನೇಕಾರರ ಮನೆಯವಳು, ದಾರ ಅವಳಿಗೆ ಹೊಸದೇನಲ್ಲ.

ಇನ್ನು ವಿಭಾಗದ ಲೆಕ್ಕಕ್ಕೆ ಬರೋಣ. ಸರ್ಜರಿ ವಿಭಾಗ ಒಂದೇ ಗುಂಪಾಗಿ ಇರುವುದಿಲ್ಲ, ‘ಯೂನಿಟ್’ಗಳಾಗಿ ಹಂಚಿರುತ್ತದೆ. ಪ್ರತಿ ಯೂನಿಟ್ಟಿಗೆ ಹಿರಿಯ ಪ್ರಾಧ್ಯಾಪಕರು, ಅವರ ಕೆಳಗೆ ಸಹ ಪ್ರಾಧ್ಯಾಪಕರು, ಸಹಾಯಕ ಪ್ರಾಧ್ಯಾಪಕರು, ಸೀನಿಯರ್ ರೆಸಿಡೆಂಟ್, ಆಮೇಲೆ ಎಂ.ಎಸ್. ವಿದ್ಯಾರ್ಥಿಗಳು. ಯೂನಿಟ್ಟಿಗೆ ಇಷ್ಟು ಹಾಸಿಗೆ, ವಾರದಲ್ಲಿ ಇಂಥ ದಿನ ಹೊರರೋಗಿಗಳು, ಇಂಥ ದಿನ ಆಪರೇಶನ್, ಇಂಥ ದಿನ ತುರ್ತು ಕರ್ತವ್ಯ ಎಂದು ನಿಗದಿ. ಈಗ ಒಂದು ಬಾಯಿಲೆಕ್ಕ ಮಾಡಿ. ಒಂದು ವಿಭಾಗಕ್ಕೆ ವರ್ಷಕ್ಕೆ 6 ಎಂ.ಎಸ್. ಸೀಟು ಎಂದುಕೊಳ್ಳಿ. ಮೂರು ವರ್ಷದವರು ಸೇರಿ 18 ಜನ. ವಾರಕ್ಕೆ 9 ಹರ್ನಿಯಾ ಆಪರೇಶನ್ ಬಂದರೆ ಒಬ್ಬರ ಪಾಲಿಗೆ ಎರಡು ವಾರಕ್ಕೆ ಒಂದು, ಅದೂ ಹಿರಿಯರು ಬಿಟ್ಟುಕೊಟ್ಟರೆ. ನಾಳೆ ಸೀಟು 12 ಆದರೆ, ರೋಗಿಗಳೂ ಗುರುಗಳೂ ಅಷ್ಟೇ ಉಳಿದರೆ, ಆ ಪಾಲು ಅರ್ಧಕ್ಕೆ ಇಳಿಯುತ್ತದೆ. ಪ್ರಮಾಣಪತ್ರ ಮಾತ್ರ ಅದೇ ಇರುತ್ತದೆ.

ಇದನ್ನು ಪಾಲಕರು ಗಮನಿಸಬೇಕು. ಕಾಲೇಜು ನೋಡಲು ಹೋದಾಗ ನಾವು ಕಟ್ಟಡ ನೋಡುತ್ತೇವೆ, ಹಾಸ್ಟೆಲ್ ನೋಡುತ್ತೇವೆ, ಮೆಸ್ಸಿನ ಊಟ ಕೇಳುತ್ತೇವೆ. ವಾರ್ಡಿನಲ್ಲಿ ಎಷ್ಟು ಹಾಸಿಗೆ ತುಂಬಿವೆ, ವಾರಕ್ಕೆ ಎಷ್ಟು ಆಪರೇಶನ್ ಆಗುತ್ತವೆ, ಎರಡನೇ ವರ್ಷದ ವಿದ್ಯಾರ್ಥಿಯ ಕೈಗೆ ಏನು ಕೊಡುತ್ತಾರೆ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಯನ್ನೇ ಕೇಳಿ. ಅವರು ಸತ್ಯ ಹೇಳುತ್ತಾರೆ.

ಎಂಥ ರೋಗಿಗಳು ಬರುತ್ತಾರೆ ಎಂಬುದೂ ಯೋಜನೆಯ ಭಾಗ. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬು ಇದೆ, ಗಾಣ ಇದೆ, ಮಗ್ಗ ಇದೆ, ರಾತ್ರಿ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೇಲರ್‌ಗಳಿವೆ. ಗಾಣದಲ್ಲಿ ಕೈ ಸಿಕ್ಕವರು, ಟ್ರೇಲರಿಗೆ ಗುದ್ದಿದ ಬೈಕಿನವರು, ಎತ್ತು ಹಾದವರು, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತವರು, ಹೊಟ್ಟೆನೋವೆಂದು ನಾಲ್ಕು ದಿನ ಮನೆಯಲ್ಲೇ ಕಳೆದು ಅಪೆಂಡಿಕ್ಸ್ ಒಡೆದ ಮೇಲೆ ಹೊರಟವರು. ಇವರಿಗಾಗಿ ಸಿದ್ಧವಾಗುವ ವಿಭಾಗವೂ, ಪಿತ್ತಕೋಶದ ಕಲ್ಲನ್ನು ದೂರದರ್ಶಕದಿಂದ ತೆಗೆಯುವುದನ್ನೇ ಹೆಚ್ಚು ಮಾಡುವ ನಗರದ ವಿಭಾಗವೂ ಒಂದೇ ರೀತಿ ಯೋಚಿಸಲಾರವು.

ನಮ್ಮ ಹಿರಿಯರಿಗೆ ದೊಡ್ಡ ಆಪರೇಶನ್ ಎಂದರೆ ಮಿರಜ. ಅಲ್ಲಿನ ವಾನ್‌ಲೆಸ್ ಆಸ್ಪತ್ರೆ 1894ರದ್ದು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು 1957ರಲ್ಲಿ ಬಂತು, ಬೆಳಗಾವಿಯ ಜವಾಹರಲಾಲ್ ನೆಹರೂ ಕಾಲೇಜು 1963ರಲ್ಲಿ, ವಿಜಯಪುರದಲ್ಲಿ ಅಲ್ ಅಮೀನ್ 1984ರಲ್ಲಿ, ಬಿ.ಎಲ್.ಡಿ.ಇ. ಕಾಲೇಜು 1986ರಲ್ಲಿ. ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಶುರುವಾದದ್ದು 2002ರಲ್ಲಿ. ಹೊಸ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದ ಹುಡುಗನ ಲೆಕ್ಕ ಹಾಕಿ. 2002ರಲ್ಲಿ ಸೇರಿ ಎಲ್ಲೂ ತಡವಾಗದೆ ಓದಿದರೂ ಇಂಟರ್ನ್‌ಶಿಪ್ ಮುಗಿಸುವಾಗ 2008. ಕೂಡಲೇ ಎಂ.ಎಸ್. ಸಿಕ್ಕರೆ ಮುಗಿಯುವುದು 2011. ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿದು ಸಹಾಯಕ ಪ್ರಾಧ್ಯಾಪಕನಾಗುವ ಅರ್ಹತೆ ಪಡೆಯುವಾಗ 2012. ಒಂದು ಸಂಸ್ಥೆ ತನ್ನ ಶಿಷ್ಯನನ್ನೇ ಗುರುವಿನ ಕುರ್ಚಿಯಲ್ಲಿ ಕೂರಿಸಬೇಕಾದರೆ ಹತ್ತು ವರ್ಷ ಬೇಕು. ವಿಭಾಗದ ಮುಖ್ಯಸ್ಥರು ಹತ್ತು ವರ್ಷ ಮುಂದೆ ಯಾರು ನಿವೃತ್ತರಾಗುತ್ತಾರೆ, ಅವರ ಜಾಗಕ್ಕೆ ಯಾರು ಎಂದು ಇಂದೇ ನೋಡಬೇಕಾಗುತ್ತದೆ.

ಇಲ್ಲಿ ಕೆಲವರು ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರನ್ನು ನೆನೆಯುತ್ತಾರೆ. ಅವರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿದವರು. ಒಂದೇ ದಿನದಲ್ಲಿ 833 ಕಣ್ಣಿನ ಪೊರೆ ಆಪರೇಶನ್ ಮಾಡಿದ ದಾಖಲೆ ಗಿನ್ನೆಸ್ ಪುಸ್ತಕದಲ್ಲಿದೆ. ‘ಅವರು ಶಾಲೆಯ ಅಂಗಳದಲ್ಲಿ ಮಾಡಿದ್ದನ್ನು ಇವರು ದೊಡ್ಡ ಆಸ್ಪತ್ರೆ ಕಟ್ಟಿ ಮಾಡಲಾರರೇ’ ಎಂಬುದು ವಾದ. ಮೋದಿಯವರದು ಒಂದೇ ಬಗೆಯ ಆಪರೇಶನ್. ಅದನ್ನೇ ಸಾಲಾಗಿ ಮಾಡುವಂತೆ ಎಲ್ಲ ಕೆಲಸವನ್ನೂ ಹಂಚಿ ಜೋಡಿಸಿಕೊಂಡಿದ್ದರು. ಅದೂ ಒಂದು ಯೋಜನೆಯೇ, ಅದ್ಭುತವಾದದ್ದು. ಜನರಲ್ ಸರ್ಜರಿಯಲ್ಲಿ ಮಾತ್ರ ಮಧ್ಯಾಹ್ನ ಗಂಟಲಿನ ಗಡ್ಡೆ, ಸಂಜೆ ಒಡೆದ ಕರುಳು, ನಡುರಾತ್ರಿ ಅಪಘಾತದ ಗಾಯ. ಇದನ್ನು ಶಿಬಿರದಲ್ಲಿ ಕಲಿಸಲು ಬರುವುದಿಲ್ಲ.

ಹುಡುಗಿ ಹೇಳಿದ ಎರಡು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿದವು.

ಮೊದಲನೆಯದು ಒಂದು ಹಾಳೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಪಟ್ಟಿ. ಅರಿವಳಿಕೆ ಕೊಡುವ ಮೊದಲು, ಕೊಯ್ಯುವ ಮೊದಲು, ರೋಗಿ ಕೋಣೆ ಬಿಡುವ ಮೊದಲು, ಹೀಗೆ ಮೂರು ಸಲ ಎಲ್ಲರೂ ನಿಂತು ಗಟ್ಟಿಯಾಗಿ ಓದಬೇಕು. ರೋಗಿ ಇವರೇನಾ, ಬಲಗಡೆಯೋ ಎಡಗಡೆಯೋ, ಬಟ್ಟೆಯ ತುಂಡು, ಸೂಜಿ ಎಣಿಸಿದ್ದು ಸರಿ ಇದೆಯಾ. ದೆಹಲಿಯೂ ಸೇರಿ ಎಂಟು ದೇಶಗಳ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಪರೇಶನ್ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಎಷ್ಟು ವರ್ಷ ಅನುಭವವಿದ್ದರೂ ಪ್ರತಿ ಮಗುವಿನ ಪ್ರವೇಶಪತ್ರವನ್ನು ನಾವು ನೋಡಲೇಬೇಕಿತ್ತಲ್ಲ, ಹಾಗೆ.

ಎರಡನೆಯದು ಒಂದು ಸಭೆ. ವಿಭಾಗದಲ್ಲಿ ಆಗಾಗ ಎಲ್ಲರೂ ಕುಳಿತು ಸತ್ತ ರೋಗಿಗಳ, ತೊಂದರೆಯಾದ ರೋಗಿಗಳ ಕಡತವನ್ನು ತೆಗೆಯುತ್ತಾರೆ. ಯಾವ ಹೊತ್ತಿಗೆ ಬಂದರು, ಯಾವ ಹೊತ್ತಿಗೆ ನಿರ್ಧಾರವಾಯಿತು, ಎಲ್ಲಿ ತಡವಾಯಿತು. ಕಿರಿಯ ವಿದ್ಯಾರ್ಥಿ ಎದ್ದು ನಿಂತು ಓದಬೇಕು, ಹಿರಿಯರು ಉತ್ತರ ಹೇಳಬೇಕು. ಈ ಪರಂಪರೆಗೆ ದಾರಿ ಹಾಕಿದವರಲ್ಲಿ ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಒಬ್ಬ. ಪ್ರತಿ ರೋಗಿಯ ಹೆಸರಿನಲ್ಲಿ ಒಂದು ಕಾರ್ಡ್ ಇಟ್ಟು, ಮನೆಗೆ ಹೋದ ಮೇಲೂ ಕನಿಷ್ಠ ಒಂದು ವರ್ಷ ಬೆನ್ನು ಹತ್ತಿ, ಕೊನೆಗೆ ಏನಾಯಿತೆಂದು ಬರೆಯುತ್ತಿದ್ದ. 1911ರಿಂದ 1916ರವರೆಗೆ ತನ್ನ ಸ್ವಂತ ಆಸ್ಪತ್ರೆಯಿಂದ ಮನೆಗೆ ಕಳಿಸಿದ 337 ರೋಗಿಗಳಲ್ಲಿ 123 ತಪ್ಪುಗಳನ್ನು ಗುರುತಿಸಿ ತಾನೇ ಅಚ್ಚು ಹಾಕಿಸಿದ. ಜೊತೆಗಾರರಿಗೆ ಇದು ಹಿಡಿಸಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನಾನು ನಮ್ಮ ಟ್ರಸ್ಟಿನ ಹಳೆಯ ರಿಜಿಸ್ಟರ್ ತೆಗೆಸಿದೆ. ಯಾರಿಗೆ ಯಾವ ದಿನ ಎಷ್ಟು ಎಂಬುದು ಚೊಕ್ಕಟವಾಗಿ ಇದೆ. ಲೆಕ್ಕಪರಿಶೋಧಕರು ಒಂದು ಪೈಸೆಯ ತಪ್ಪು ಹಿಡಿಯಲಾರರು. ಆ ಮಗು ಮುಂದೆ ಏನಾಯಿತು ಎಂಬ ಕಾಲಂ ಮಾತ್ರ ಇಲ್ಲವೇ ಇಲ್ಲ. ಆಯ್ಕೆ ಸಮಿತಿಯಲ್ಲಿ ನಾನೇ ಇದ್ದೆ. ಈ ಹುಡುಗಿ ಎಂ.ಬಿ.ಬಿ.ಎಸ್. ಮೂರನೇ ವರ್ಷದಲ್ಲಿದ್ದಾಗ ಮತ್ತೆ ಅರ್ಜಿ ಹಾಕಿದ್ದಳು. ತಂದೆಯ ಕೈಗೆ ಮಗ್ಗದಲ್ಲಿ ಪೆಟ್ಟಾಗಿ ಆರು ತಿಂಗಳು ದುಡಿಮೆ ನಿಂತಿತ್ತು. ‘ಒಮ್ಮೆ ಪಡೆದವರಿಗೆ ಮತ್ತೆ ಇಲ್ಲ, ಹೊಸಬರಿಗೆ ಆದ್ಯತೆ’ ಎಂಬ ನಮ್ಮ ನಿಯಮದ ಪ್ರಕಾರ ಅರ್ಜಿ ತಿರಸ್ಕರಿಸಿದೆವು. ಅದರ ಮೇಲೆ ಸಹಿ ನನ್ನದು. ತಾಯಿಯ ಬಳೆ ಮಾರಿ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಪಡೆದು ಆ ವರ್ಷ ದಾಟಿದರಂತೆ. ಆಕೆ ದೂರು ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದಳು, ಲಾಗ್‌ಬುಕ್ ಚೀಲಕ್ಕೆ ಹಾಕಿಕೊಳ್ಳುತ್ತಾ.

ನಿಯಮ ಮಾಡಿದಾಗ ನಮ್ಮ ಉದ್ದೇಶ ಒಳ್ಳೆಯದೇ ಇತ್ತು. ಹೆಚ್ಚು ಮಕ್ಕಳಿಗೆ ಹಂಚಬೇಕು, ವರದಿಯಲ್ಲಿ ಸಂಖ್ಯೆ ಹೆಚ್ಚಬೇಕು. ಆದರೆ ವೈದ್ಯಕೀಯ ಓದು ಒಡೆಯುವುದು ಮೊದಲ ವರ್ಷದಲ್ಲಿ ಕಡಿಮೆ, ಆಗ ಊರೆಲ್ಲ ಜೊತೆಗಿರುತ್ತದೆ. ಅದು ಒಡೆಯುವುದು ಮೂರನೇ ವರ್ಷದಲ್ಲಿ, ಎಂ.ಎಸ್. ಸೇರುವಾಗ, ಪ್ರಬಂಧ ಬರೆದು ಕೊನೆಯ ಪರೀಕ್ಷೆ ಕಟ್ಟುವಾಗ. ಪ್ರಬಂಧವನ್ನು ಕೊನೆಯ ಪರೀಕ್ಷೆಗೆ ಆರು ತಿಂಗಳ ಮೊದಲೇ ಒಪ್ಪಿಸಬೇಕು, ಅದು ಒಪ್ಪಿಗೆಯಾಗದೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಹೊತ್ತಿನಲ್ಲಿ ಸಣ್ಣ ಮೊತ್ತ ತಪ್ಪಿದರೂ ಆರು ತಿಂಗಳು ಹಿಂದೆ ಬೀಳುತ್ತಾರೆ.

ನಮ್ಮ ಹಣ ಬರುವ ಕಾಲವೂ ಒಂದು ತೊಡಕು. ಜಕಾತ್, ಸದಕಾ ಹೆಚ್ಚಾಗಿ ರಂಜಾನಿನಲ್ಲಿ ಬರುತ್ತದೆ. ಚಾಂದ್ರಮಾನ ವರ್ಷ ಪ್ರತಿ ಸಲ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಮಾರ್ಚ್ ಆರಂಭದಲ್ಲಿ ಬಂದ ರಂಜಾನ್ 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ ಬರಲಿದೆ. ಕಾಲೇಜಿನ ಫೀ ಮಾತ್ರ ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ, ಪ್ರವೇಶದ ಹೊತ್ತಿಗೆ ಕಟ್ಟಬೇಕು. ಬಂದ ಹಣವನ್ನು ಆ ವರ್ಷವೇ ಹಂಚಿ ಮುಗಿಸುವ ಬದಲು, ಇಂಥ ವಿದ್ಯಾರ್ಥಿಗೆ ಇಷ್ಟು ವರ್ಷ ಎಂದು ದಾನಿಗಳೇ ಮಾತು ಕೊಟ್ಟರೆ ಈ ತೊಡಕು ಬಹಳಷ್ಟು ಬಿಡುತ್ತದೆ. ಯಾವ ಬಾಬಿನ ಹಣ ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದನ್ನು ಮೌಲಾನಾ ಸಾಹೇಬರೊಂದಿಗೆ ಕುಳಿತು ತೀರ್ಮಾನಿಸಬೇಕು, ಅದು ಮಾಸ್ತರನ ಕೆಲಸವಲ್ಲ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮ ವರದಿಯ ಮುಖಪುಟದಲ್ಲಿ ಯಾವಾಗಲೂ ಬಿಳಿ ಕೋಟಿನ ಮಕ್ಕಳ ಫೋಟೋ. ಆದರೆ ಸರ್ಜನ್ ಒಬ್ಬರೇ ಆಪರೇಶನ್ ಮಾಡಲಾರರು. ಅರಿವಳಿಕೆ ತಜ್ಞರಿಲ್ಲದೆ ಚಾಕು ಮುಟ್ಟುವಂತಿಲ್ಲ. ನರ್ಸ್ ಬೇಕು, ಆಪರೇಶನ್ ಥಿಯೇಟರ್ ಟೆಕ್ನಿಷಿಯನ್ ಬೇಕು. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ ಎಂದು ಹೇಳಿತು. ಅದು ಇಟ್ಟ ಗುರಿ ಲಕ್ಷ ಜನಸಂಖ್ಯೆಗೆ 20 ತಜ್ಞರು. ಆ ಇಪ್ಪತ್ತರಲ್ಲಿ ಸರ್ಜನ್, ಅರಿವಳಿಕೆ ತಜ್ಞ, ಹೆರಿಗೆ ತಜ್ಞ ಮೂವರನ್ನೂ ಸೇರಿಸಿಯೇ ಎಣಿಸಿದ್ದಾರೆ. ತಾಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇದ್ದೂ ‘ಅರಿವಳಿಕೆಯವರು ಇಲ್ಲ, ಮುಂದಕ್ಕೆ ಒಯ್ಯಿರಿ’ ಎಂಬ ಮಾತು ಕೇಳದ ಮನೆ ನಮ್ಮಲ್ಲಿ ಕಡಿಮೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದಡಿ ಅರಿವಳಿಕೆ ಮತ್ತು ಥಿಯೇಟರ್ ತಂತ್ರಜ್ಞಾನದ ಬಿ.ಎಸ್ಸಿ. ಕೋರ್ಸ್ ಇದೆ. ಒಂದು ಎಂ.ಬಿ.ಬಿ.ಎಸ್. ಸೀಟಿಗೆ ಕೊಡುವುದರಲ್ಲಿ ಇಂಥ ಹಲವು ಮಕ್ಕಳು ಓದು ಮುಗಿಸುತ್ತಾರೆ. ಅರ್ಜಿ ಹಾಕಿ, ಸಂಕೋಚ ಬೇಡ.

ಎಂ.ಎಸ್. ವಿದ್ಯಾರ್ಥಿಗಳು ಈಗ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯುವುದು ಕಡ್ಡಾಯ. ನಮ್ಮ ಹುಡುಗಿಯ ಸರದಿ ಬರುತ್ತಿದೆ. ದೊಡ್ಡ ಆಸ್ಪತ್ರೆಯಲ್ಲಿ ಕಲಿತದ್ದನ್ನು ಸಾಮಾನು ಕಡಿಮೆ ಇರುವಲ್ಲಿ ಮಾಡಿ ನೋಡುವ ಅವಕಾಶ ಎಂದು ಆಕೆಗೆ ಖುಷಿ. ಆ ಮೂರು ತಿಂಗಳ ವಸತಿಯ ಖರ್ಚು ಎಲ್ಲಿಂದ ಎಂದು ತಂದೆಗೆ ಚಿಂತೆ.

ಅರ್ಜಿದಾರರಿಗೆ ಸೂಚನೆ

ಈ ವರ್ಷದಿಂದ ವೈದ್ಯಕೀಯ, ನರ್ಸಿಂಗ್ ಮತ್ತು ಥಿಯೇಟರ್ ತಂತ್ರಜ್ಞಾನದ ಅರ್ಜಿಗೆ ಒಂದು ಹೆಚ್ಚಿನ ಹಾಳೆ ಸೇರಿಸಿದ್ದೇವೆ. ಕೋರ್ಸ್ ಮುಗಿಯುವವರೆಗೆ ವರ್ಷವಾರು ಫೀ, ಹಾಸ್ಟೆಲ್, ಪುಸ್ತಕ, ಪರೀಕ್ಷಾ ಶುಲ್ಕದ ಅಂದಾಜನ್ನು ಅದರಲ್ಲಿ ಬರೆಯಬೇಕು. ಅರಿವು ಸಾಲ ಅಥವಾ ಬೇರೆ ನೆರವು ಇದ್ದರೆ ಮುಚ್ಚಿಡಬೇಡಿ, ಅದರಿಂದ ನಿಮ್ಮ ಅರ್ಜಿಗೆ ಕೇಡಿಲ್ಲ. ‘ಒಮ್ಮೆ ಪಡೆದವರಿಗೆ ಮತ್ತೆ ಇಲ್ಲ’ ಎಂಬ ನಿಯಮವನ್ನು ಈ ಕೋರ್ಸ್‌ಗಳ ಮಟ್ಟಿಗೆ ಸಮಿತಿ ತೆಗೆದುಹಾಕಿದೆ. ಹಿಂದೆ ತಿರಸ್ಕೃತರಾಗಿ ಈಗಲೂ ಓದುತ್ತಿರುವವರು ಮತ್ತೆ ಅರ್ಜಿ ಹಾಕಬಹುದು.

ಚಿಕ್ಕ ಮಕ್ಕಳ ಪಾಲಕರಿಗೆ ಒಂದು ವಿಷಯ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ರಾಜ್ಯದ ಸೀಟು ಹಂಚಿಕೆಯಲ್ಲಿ ಇದೆ. ಚಿಮ್ಮಡದಲ್ಲಿ ಏಳನೆಯದು ಮುಗಿಸಿ ಎಂಟಕ್ಕೆ ಪಟ್ಟಣದ ಶಾಲೆಗೆ ಸೇರಿಸಿದರೆ ಗ್ರಾಮೀಣ ಸೌಲಭ್ಯ ಕೈತಪ್ಪುತ್ತದೆ. ಸೇರಿಸುವ ಮೊದಲು ಒಮ್ಮೆ ಯೋಚಿಸಿ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರವನ್ನು ನೀಟ್ ಫಲಿತಾಂಶ ಬಂದ ಮೇಲೆ ಓಡಾಡಿ ಹುಡುಕುವ ಬದಲು ಹತ್ತನೆಯದು ಮುಗಿದ ಕೂಡಲೇ ಪಡೆದು ಇಟ್ಟುಕೊಳ್ಳಿ. ಅದನ್ನು ತುಂಬುವುದು ತಿಳಿಯದಿದ್ದರೆ ಶುಕ್ರವಾರ ಅಸರ್ ನಂತರ ನಾನು ಟ್ರಸ್ಟ್ ಕಚೇರಿಯಲ್ಲಿ ಇರುತ್ತೇನೆ, ಮೂಲ ದಾಖಲೆ ಮತ್ತು ಒಂದು ಝೆರಾಕ್ಸ್ ಪ್ರತಿ ತನ್ನಿ.